ಅವ್ವನ ಕತ್ತಿಹೂವಿನ ಹಿಂದೆ ಬಿದ್ದು

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಪಕ್ಕದೂರಿನ ಹುಡುಗ ಒಬ್ಬ ಬೈಕಲ್ಲಿ ಬಂದು ಅಂಗಳದಲ್ಲಿ ನಿಂತ. ಕೈಯಲ್ಲಿ ಹಳೇ ಗೊಬ್ಬರದ ಚೀಲ, ಅದರೊಳಗೆ ಮಣ್ಣು ಸಮೇತ ಕಿತ್ತ ಒಂದು ಗಿಡ. ಉದ್ದ ಕಡ್ಡಿ, ಕಡ್ಡಿ ತುಂಬ ಬಿಳಿ ಹೂ.

"ಮಾವ, ಕಾನಿನ ಅಂಚಲ್ಲಿ ಕಾಡು ಗ್ಲಾಡಿಯೋಲಸ್ ಸಿಕ್ತು ನೋಡ್ರಿ. ಇದರ ಗಡ್ಡೆ ಬೆಳೆಸಿದ್ರೆ ನಿಮ್ಮದರ ಥರ ಕೊಳಿಯಂಗಿಲ್ಲ ಅಲ್ಲ?" ಅಂದ.

ನನ್ನ ಗ್ಲಾಡಿಯೋಲಸ್ ಕೊಳೆತ ಕಥೆ ಕುಬಟೂರಿಂದ ಆನವಟ್ಟಿ ಸಂತೆವರೆಗೂ ಎಲ್ಲರಿಗೂ ಗೊತ್ತು, ಹಾಗಾಗಿ ಅವನ ಮಾತಿಗೆ ಬೇಜಾರಾಗಲಿಲ್ಲ. ಗೊತ್ತಿಲ್ಲದವರಿಗೆ ಎರಡು ಸಾಲು: ಐದು ಗುಂಟೆಗೆ 8 ಸಾವಿರ ಗಡ್ಡೆ ತರಿಸಿ ಹಾಕಿದ್ದೆ. ಗಡ್ಡೆಗೆ 4 ರೂಪಾಯಿ. ಮೊದಲನೇ ವರ್ಷ ಹೂ ಬಂತು, ಮದುವೆ ಸೀಸನ್ನಲ್ಲಿ ಶಿವಮೊಗ್ಗಕ್ಕೂ ಹುಬ್ಬಳ್ಳಿಗೂ ಕಟ್ಟು ಕಟ್ಟಿ ಕಳಿಸಿದೆ. ಆ ಗಡ್ಡೆಗಳನ್ನೇ ಕಿತ್ತು ಇಟ್ಟು ಎರಡನೇ ವರ್ಷ ಅದೇ ಜಾಗಕ್ಕೆ ಹಾಕಿದೆ. ಎಲೆ ತುದಿ ಹಳದಿ, ಆಮೇಲೆ ಇಡೀ ಎಲೆ ಹಳದಿ, ಕಡ್ಡಿ ಬರೋ ಮೊದಲೇ ಗಿಡ ಬಾಗಿ ಮಲಗಿತು. ಅಗೆದರೆ ಗಡ್ಡೆ ತಳದಲ್ಲಿ ಕಂದು, ಒತ್ತಿದರೆ ಒಳಗೆಲ್ಲ ಮರದ ಚೂರಿನ ಹಾಗೆ ಒಣಕಲು. ಫ್ಯುಸೇರಿಯಂ ಸೊರಗು ರೋಗ. ಅಲ್ಲಿಗೆ ಮುಗೀತು.

ಆದರೆ ಹುಡುಗನ ಪ್ರಶ್ನೆ ಸುಳ್ಳಲ್ಲ. ಕಾಡಿನ ಮೂಲ ತಳಿ ಗಟ್ಟಿ ಇರುತ್ತೆ, ಪೇಟೆ ತಳಿ ನಾಜೂಕು ಇರುತ್ತೆ ಅನ್ನೋದು ನಾವೆಲ್ಲ ಭತ್ತದಲ್ಲಿ, ಮೆಣಸಿನಲ್ಲಿ ಕಂಡಿರೋ ಮಾತು. ಗ್ಲಾಡಿಯೋಲಸ್ಸಿನ ಮೂಲ ಯಾವುದು, ಅದು ಇಲ್ಲಿವರೆಗೆ ಹೇಗೆ ಬಂತು, ನೋಡಿದರೆ ಗುರುತು ಹಿಡಿಯೋದು ಹೇಗೆ ಅಂತ ಈ ಮಳೆಗಾಲ ಪೂರ್ತಿ ಅದರ ಹಿಂದೆ ಬಿದ್ದೆ. ಬರಹ ಉದ್ದ ಇದೆ. ನಾಟಿ ಮುಗಿದವರು ಕೂತು ಓದಿ.

ಮೊದಲು ಹುಡುಗನ ಗಿಡ. ಅದು ಗ್ಲಾಡಿಯೋಲಸ್ ಅಲ್ಲ, ನೆಲದ ಸೀತಾಳೆ, ಅಂದರೆ ಆರ್ಕಿಡ್. ಎರಡಕ್ಕೂ ಕಡ್ಡಿ ಇದೆ, ನೆಲದೊಳಗೆ ಗಡ್ಡೆ ಇದೆ, ಹೂ ಕೆಳಗಿಂದ ಮೇಲಕ್ಕೆ ಅರಳುತ್ತೆ. ಅಷ್ಟಕ್ಕೆ ಮೋಸ ಹೋಗ್ತೀವಿ. ಹೂವಿನ ಹೊಟ್ಟೆಯೊಳಗೆ ನೋಡಬೇಕು. ಗ್ಲಾಡಿಯೋಲಸ್ಸಿಗೆ ಆರು ಎಸಳು, ಬುಡದಲ್ಲಿ ಕೂಡಿ ಒಂದು ಕೊಳವೆ. ಒಳಗೆ ಮೂರೇ ಮೂರು ಕೇಸರ, ಮೂರೂ ಮೇಲಿನ ಎಸಳಿನ ಅಡಿಗೆ ಒಂದೇ ಕಡೆ ಬಾಗಿ ನಿಂತಿರ್ತವೆ. ನಡುವಿನ ಶಲಾಕೆ ತುದಿಯಲ್ಲಿ ಮೂರು ಕವಲು. ಸೀತಾಳೆಗೆ ಹೀಗೆ ಬಿಡಿ ಕೇಸರ ಇರೋದೇ ಇಲ್ಲ, ಗಂಡು ಹೆಣ್ಣು ಎರಡೂ ಅಂಟಿಕೊಂಡು ನಡುವೆ ಒಂದು ಗಟ್ಟಿ ಕಂಬ ಆಗಿರುತ್ತೆ. ಹುಡುಗ ತಂದದ್ದರಲ್ಲಿ ಹೂವಿನ ಹಿಂದೆ ಬಾಲದ ಹಾಗೆ ಉದ್ದನೆ ಕೊಳವೆ ಬೇರೆ ಇಳಿಬಿದ್ದಿತ್ತು. ಅದು ಗ್ಲಾಡಿಯೋಲಸ್ಸಿಗೆ ಇಲ್ಲ. ಎಲೆಯೂ ಬೇರೆ. ಗ್ಲಾಡಿಯೋಲಸ್ ಎಲೆ ಬೀಸಣಿಗೆ ಕಡ್ಡಿಗಳ ಹಾಗೆ ಒಂದರ ಬುಡದೊಳಗೆ ಇನ್ನೊಂದು ಸೇರಿಕೊಂಡು, ಅಂಚು ಕಾಂಡದ ಕಡೆಗೆ ತಿರುಗಿ ನಿಂತಿರುತ್ತೆ. ಕತ್ತಿ ಒರೆಯಿಂದ ಎದ್ದ ಹಾಗೆ.

ಇನ್ನೊಂದು ನಮ್ಮ ಬೇಲಿ ಸಾಲಿನ ಗೌರಿ ಹೂ. ಕೆಂಪು ಹಳದಿ ಬೆಂಕಿ ಬಣ್ಣ, ಗೌರಿ ಹಬ್ಬದ ಹೊತ್ತಿಗೆ ಅರಳೋದು. ಅದನ್ನೂ ಕೆಲವರು ಕಾಡು ಗ್ಲಾಡಿಯೋಲಸ್ ಅಂತಾರೆ. ಎಣಿಸಿ ನೋಡಿ, ಆರು ಕೇಸರ ಇವೆ. ಎಲೆ ತುದಿ ಬಳ್ಳಿಯ ಕುಡಿಯ ಹಾಗೆ ಸುತ್ತಿಕೊಳ್ಳುತ್ತೆ. ಗಡ್ಡೆ ನೇಗಿಲಿನ ಹಾಗೆ ಕೊಕ್ಕೆ, ಅದಕ್ಕೇ ಸಂಸ್ಕೃತದಲ್ಲಿ ಲಾಂಗಲಿ ಅಂತ ಹೆಸರು. ದಯವಿಟ್ಟು ಮಕ್ಕಳ ಕೈಗೆ ಆ ಗಡ್ಡೆ ಸಿಗದ ಹಾಗೆ ನೋಡ್ಕೊಳ್ಳಿ, ಅದರಲ್ಲಿ ಕಾಲ್ಚಿಸಿನ್ ಅನ್ನೋ ವಿಷ ಇದೆ, ತಿಂದರೆ ಜೀವ ಹೋಗುತ್ತೆ. ಹಳ್ಳದ ದಂಡೆಯಲ್ಲಿ ಬಿಳಿ ಹೂ ಬಿಡೋ ದೊಡ್ಡ ಗಡ್ಡೆಯ ಲಿಲ್ಲಿಗಳಿಗೂ ಕೇಸರ ಆರು. ಕಾಡು ಅರಿಶಿನಕ್ಕೆ ಒಂದೇ. ಹೀಗೆ ಲೆಕ್ಕ ಇಟ್ಟುಕೊಂಡರೆ ಸಾಕು: ಆರಿದ್ದರೆ ಲಿಲ್ಲಿ ಕಡೆಯದು, ಬಿಡಿಯಾಗಿ ಮೂರಿದ್ದರೆ ಗ್ಲಾಡಿಯೋಲಸ್ಸಿನ ಮನೆತನ.

ನಮ್ಮ ಕಾನುಗಳಲ್ಲಿ ಹುಟ್ಟಾ ಇರೋ ಗ್ಲಾಡಿಯೋಲಸ್ ಇಲ್ಲ. ಸೊರಬದಲ್ಲಿ ಮಾತ್ರ ಅಲ್ಲ, ಕರ್ನಾಟಕದ ಯಾವ ಕಾಡಲ್ಲೂ ಇಲ್ಲ. ಹುಡುಗನಿಗೆ ಗಿಡ ವಾಪಸ್ ಅದೇ ಜಾಗದಲ್ಲಿ ನೆಟ್ಟು ಬಾ ಅಂದೆ. ಸೀತಾಳೆ ಮಣ್ಣಿನ ಬೂಸ್ಟಿನ ಜೊತೆ ಕೂಡಿ ಬದುಕೋ ಗಿಡ, ಕಿತ್ತು ತಂದದ್ದು ಹಿತ್ತಲಲ್ಲಿ ಉಳಿಯೋದು ಕಡಿಮೆ.

ಹಾಗಾದರೆ ಇದರ ಊರು ಯಾವುದು? ಈ ಕುಲದಲ್ಲಿ ಮುನ್ನೂರರ ಹತ್ತಿರ ಜಾತಿ ಇವೆ. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಆಫ್ರಿಕಾದವು, ಅದರಲ್ಲೂ ಅರ್ಧಕ್ಕೂ ಹೆಚ್ಚು ಆ ಖಂಡದ ದಕ್ಷಿಣ ತುದಿಯಲ್ಲೇ. ಯುರೋಪು, ಟರ್ಕಿ, ಇರಾನ್ ಕಡೆ ಇರೋದು ಹತ್ತರ ಆಸುಪಾಸು. ವಿಚಿತ್ರ ಅಂದರೆ ಹೆಸರು ಬಂದದ್ದು ಈ ಹತ್ತರಿಂದ. ಲ್ಯಾಟಿನ್ನಿನಲ್ಲಿ ಗ್ಲಾಡಿಯಸ್ ಅಂದರೆ ಕತ್ತಿ, ಗ್ಲಾಡಿಯೋಲಸ್ ಅಂದರೆ ಪುಟ್ಟ ಕತ್ತಿ. ಗ್ಲಾಡಿಯೇಟರ್ ಅನ್ನೋದೂ ಅದೇ ಮಾತು. ನಮ್ಮ ಸೊರಬದ ಊರೂರಲ್ಲಿ ಇರೋ ವೀರಗಲ್ಲುಗಳಲ್ಲಿ ವೀರ ಹಿಡಿದಿರೋ ಕತ್ತಿ ನೋಡಿ, ಎಲೆಗೂ ಅದಕ್ಕೂ ಹೋಲಿಕೆ ಇದೆ.

ಆ ಯುರೋಪಿನ ಜಾತಿಗಳಲ್ಲಿ ರೈತರಾದ ನಾವು ತಿಳಿದಿರಬೇಕಾದ್ದು ಒಂದು, ಗ್ಲಾಡಿಯೋಲಸ್ ಇಟಾಲಿಕಸ್. ಅದು ಅಲ್ಲಿ ಗೋಧಿ ಹೊಲದ ಕಳೆ! ಮೆಡಿಟರೇನಿಯನ್ ಸಮುದ್ರದ ಸುತ್ತ ಗೋಧಿ ಎಲ್ಲೆಲ್ಲಿ ಹೋಯಿತೋ ಅಲ್ಲೆಲ್ಲ ಇದೂ ಹೋಗಿದೆ. ನೇಗಿಲು ಹೊಡೆದರೆ ಇದಕ್ಕೆ ಅನುಕೂಲವೇ, ತಾಯಿಗಡ್ಡೆ ಸುತ್ತ ಇರೋ ಮರಿಗಡ್ಡೆಗಳೆಲ್ಲ ಹೊಲದ ತುಂಬ ಚೆಲ್ಲುತ್ತವೆ. ನಮ್ಮ ತುಂಗೆಗಡ್ಡೆ ಕಥೆಯೇ. ಇದನ್ನ ಅಣ್ಣತಮ್ಮ ಜಾತಿಗಳಿಂದ ಬೇರೆ ಮಾಡೋ ಗುರುತು ಬೀಜದಲ್ಲಿದೆ. ಉಳಿದ ಗ್ಲಾಡಿಯೋಲಸ್ಸಿನ ಬೀಜಕ್ಕೆ ಸಾಮಾನ್ಯವಾಗಿ ಸುತ್ತ ಕಾಗದದಂಥ ರೆಕ್ಕೆ, ಗಾಳಿಗೆ ಹಾರೋಕೆ. ಇಟಾಲಿಕಸ್ ಬೀಜಕ್ಕೆ ರೆಕ್ಕೆ ಇಲ್ಲ, ಗುಂಡು ಕಾಳು. ಇನ್ನೊಂದು ಗುರುತು, ಪರಾಗದ ಚೀಲ ಅದನ್ನ ಹೊತ್ತ ದಂಟಿಗಿಂತ ಉದ್ದ. ಅದೇ ಕಡೆ ಬೆಳೆಯೋ ಕಮ್ಯೂನಿಸ್ ಅನ್ನೋ ಜಾತಿಯಲ್ಲಿ ಬೀಜಕ್ಕೆ ರೆಕ್ಕೆ ಉಂಟು, ಪರಾಗದ ಚೀಲ ಗಿಡ್ಡ. ಹೂ ಎರಡೂ ಗುಲಾಬಿ ನೇರಳೆ, ದೂರದಿಂದ ಒಂದೇ ಥರ. ನಾನು ಇದನ್ನ ಓದಿದಾಗ ಭತ್ತದ ಗದ್ದೆಯ ಕಳೆಗಳ ನೆನಪಾಯ್ತು. ಕಾಳಿನ ಜೊತೆ ಸಾಗೋ ಕಳೆಗೆ ರೆಕ್ಕೆ ಯಾಕೆ ಬೇಕು, ರೈತನೇ ಹೊತ್ತು ಬಿತ್ತುತಾನಲ್ಲ.

ಈಗ ಆಫ್ರಿಕಾದ ಕಡೆ ಹೋಗೋಣ, ನಮ್ಮ ಊರಿನ ಮೂಲಕ.

ನಮ್ಮ ಕುಬಟೂರು ಸಣ್ಣ ಊರು ಅಂತ ಇವತ್ತು ಯಾರಾದರೂ ಅನ್ನಬಹುದು. ಹಳೇ ಹೆಸರು ಕುಪ್ಪಟೂರು. ಬನವಾಸಿಯ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಇಲ್ಲಿನ ಪಾರ್ಶ್ವನಾಥ ಬಸದಿಗೆ ದಾನ ಕೊಟ್ಟ ಶಾಸನ 1077ರದ್ದು. ಕೋಟಿಪುರದ ಕೈಟಭೇಶ್ವರ ಗುಡಿ ಸುಮಾರು 1100ರದ್ದು. ಕನ್ನಡ ಶಾಸನಗಳಲ್ಲಿ ಗುಡಿಗೆ ಗದ್ದೆ, ತೋಟದ ಜೊತೆ ಹೂದೋಟವನ್ನೂ ದತ್ತಿ ಬಿಟ್ಟ ಮಾತು ಬರುತ್ತೆ. ಆ ಹೂದೋಟಗಳಲ್ಲಿ ಈ ಹೂ ಇರಲಿಲ್ಲ, ಇರೋಕೆ ಸಾಧ್ಯವೂ ಇರಲಿಲ್ಲ. ಆದರೆ ಇದು ಆಫ್ರಿಕಾದಿಂದ ಹೊರಗೆ ಬೀಳೋಕೆ ನಮ್ಮ ಸೀಮೆಯ ಒಂದು ಬೆಳೆಗೂ ಸಂಬಂಧ ಇದೆ, ಅದು ಕಾಳುಮೆಣಸು.

ಕಾನು ಅಂದರೆ ನಮ್ಮ ಹಿರಿಯರಿಗೆ ಬರೀ ಕಾಡಲ್ಲ, ಮೆಣಸಿನ ತೋಟ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನೋ ಅಧಿಕಾರಿಗಳು ಸೊರಬ ತಾಲೂಕಿನ ಕಾನುಗಳನ್ನ ಲೆಕ್ಕ ಹಾಕಿದಾಗ 171 ಕಾನು, 32 ಸಾವಿರ ಎಕರೆ ದಾಟಿತ್ತು. ಅದಕ್ಕೂ ಮುಂಚೆ ಕೆಳದಿ ಅರಸರ ಕಾಲದಲ್ಲಿ ಮಲೆನಾಡಿನ ಮೆಣಸು ಘಟ್ಟ ಇಳಿದು ಹೊನ್ನಾವರ, ಭಟ್ಕಳ, ಬಸರೂರಿನ ಬಂದರಿಗೆ ಹೋಗ್ತಿತ್ತು. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಅದಕ್ಕಾಗಿ ಕಾದು ಕೂರ್ತಿದ್ದರು. ಆ ಹಡಗುಗಳು ಯುರೋಪಿಂದ ಬರಬೇಕಾದರೂ ಹೋಗಬೇಕಾದರೂ ಆಫ್ರಿಕಾದ ತುದಿ ಸುತ್ತಬೇಕು. ತಿಂಗಳುಗಟ್ಟಲೆ ದಾರಿ, ಕುಡಿಯೋ ನೀರು ಇಲ್ಲ, ತರಕಾರಿ ಇಲ್ಲ, ನಾವಿಕರು ವಸಡು ಕೊಳೆತು ಸಾಯೋರು. ಅದಕ್ಕೇ ಡಚ್ ಕಂಪನಿ 1652ರಲ್ಲಿ ಆ ತುದಿಯಲ್ಲಿ, ಇವತ್ತಿನ ಕೇಪ್ ಟೌನ್ ಇರೋ ಕಡೆ, ಒಂದು ತರಕಾರಿ ತೋಟ ಮಾಡಿ ಠಾಣೆ ಹಾಕಿತು. ಪೂರ್ವದ ಮೆಣಸು ತುಂಬಿದ ಹಡಗು ಅಲ್ಲಿ ನಿಂತು ನೀರು ತುಂಬಿಸಿಕೊಳ್ಳೋದು, ಜೊತೆಗೆ ಅಲ್ಲಿನ ಗುಡ್ಡದ ಹೂಗಡ್ಡೆಗಳನ್ನ ಯಾರೋ ಜೇಬಿಗೋ ಪೆಟ್ಟಿಗೆಗೋ ಹಾಕಿಕೊಳ್ಳೋದು.

ಗಿಡ ಹಡಗಲ್ಲಿ ಬದುಕಲ್ಲ, ಉಪ್ಪುಗಾಳಿಗೆ ಒಣಗುತ್ತೆ. ಗಡ್ಡೆ ಬದುಕುತ್ತೆ. ಗ್ಲಾಡಿಯೋಲಸ್ ಗಡ್ಡೆ ಹೂ ಮುಗಿದ ಮೇಲೆ ಎರಡು ಮೂರು ತಿಂಗಳು ನಿದ್ದೆ ಮಾಡುತ್ತೆ, ಆ ನಿದ್ದೆಯಲ್ಲಿ ನೀರು ಬೇಡ ಮಣ್ಣು ಬೇಡ. ಹಡಗಿನ ಕತ್ತಲಲ್ಲಿ ಒಣಗಿ ಮಲಗಿದ್ದದ್ದು ಇಂಗ್ಲೆಂಡಿಗೋ ಹಾಲೆಂಡಿಗೋ ಹೋಗಿ ಏಳುತ್ತೆ. 1772ರಲ್ಲಿ ಲಂಡನ್ನಿನ ಕ್ಯೂ ತೋಟದವರು ಫ್ರಾನ್ಸಿಸ್ ಮ್ಯಾಸನ್ ಅನ್ನೋ ತೋಟಗಾರನನ್ನ ಇದಕ್ಕಂತಲೇ ಕೇಪಿಗೆ ಕಳಿಸಿದರು. ಆಮೇಲೆ ಕೇಪಿನ ಗಡ್ಡೆಗಳು ಇಂಗ್ಲೆಂಡಿನ ಗಾಜಿನ ಮನೆಗಳನ್ನ ತುಂಬಿದವು.

ಕೇಪಿನ ಕಾಡು ಜಾತಿಗಳಲ್ಲಿ ಮೂರನ್ನ ನೆನಪಿಟ್ಟರೆ ಸಾಕು. ಒಂದು ಟ್ರಿಸ್ಟಿಸ್. ಕೆನೆ ಹಳದಿ ಹೂ, ಹಗಲು ವಾಸನೆ ಇಲ್ಲ, ಸಂಜೆಯಾದರೆ ಘಮ್ ಅನ್ನುತ್ತೆ, ರಾತ್ರಿ ಪತಂಗ ಬರಲಿ ಅಂತ. ನಮ್ಮ ರಾತ್ರಿರಾಣಿ ಲೆಕ್ಕ. ಇದರ ಎಲೆಯನ್ನ ಅಡ್ಡ ಕೊಯ್ದರೆ ಕೂಡಿಸೋ ಗುರುತಿನ ಆಕಾರ ಕಾಣುತ್ತೆ, ನಾಲ್ಕು ರೆಕ್ಕೆಯ ಕಡ್ಡಿ. ಬ್ಲೇಡು ಇದ್ದರೆ ಈ ಗುರುತು ತಪ್ಪೋದೇ ಇಲ್ಲ. ಎರಡನೇದು ಕಾರ್ಡಿನಾಲಿಸ್. ಜಲಪಾತದ ಒದ್ದೆ ಬಂಡೆಗೆ ಜೋತು ಬೀಳೋ ಗಿಡ, ಹೂ ರಕ್ತಗೆಂಪು, ಕೆಳಗಿನ ಎಸಳಿನ ಮೇಲೆ ಬಿಳಿ ಪಟ್ಟೆ. ಅದಕ್ಕೆ ಬರೋದು ಅಲ್ಲಿನ ಒಂದು ದೊಡ್ಡ ಚಿಟ್ಟೆ, ಕೆಂಪು ಹೂ ಹುಡುಕಿಕೊಂಡು ಗುಡ್ಡ ಗುಡ್ಡ ತಿರುಗೋ ಚಿಟ್ಟೆ. ಮೂರನೇದು ಕಾರ್ನಿಯಸ್, ತೆಳು ಗುಲಾಬಿ, ಕೆಳ ಎಸಳಿನ ಮೇಲೆ ವಜ್ರದ ಆಕಾರದ ಗಾಢ ಗುರುತು. 1823ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಕಾಲ್ವಿಲ್ ಅನ್ನೋ ನರ್ಸರಿಯವನು ಟ್ರಿಸ್ಟಿಸ್ಸನ್ನೂ ಕಾರ್ಡಿನಾಲಿಸ್ಸನ್ನೂ ಕೂಡಿಸಿ ಹೊಸ ತಳಿ ಮಾಡಿದ. ಚಂದದ ಹೂವೇ, ಆದರೆ ಚಿಕ್ಕದು. ಇವತ್ತು ನಮ್ಮ ಮದುವೆ ಚಪ್ಪರದಲ್ಲಿ ಕಾಣೋ ಎರಡು ಮೊಳದ ಕಡ್ಡಿ ಈ ದಾರಿಯಿಂದ ಬಂದದ್ದಲ್ಲ.

ದೊಡ್ಡ ಕಡ್ಡಿಯ ತಂದೆ ಬೇರೆ. ಅದರ ಹೆಸರು ಡಲೇನಿಯೈ. ದಕ್ಷಿಣ ಆಫ್ರಿಕಾದ ಪೂರ್ವ ಭಾಗದಿಂದ ಇಥಿಯೋಪಿಯಾ ದಾಟಿ ಅರಬರ ನಾಡಿನ ಪಶ್ಚಿಮದ ಬೆಟ್ಟಗಳವರೆಗೆ ಬೆಳೆಯೋ ಜಾತಿ, ಇಡೀ ಕುಲದಲ್ಲಿ ಇಷ್ಟು ಹರಡಿರೋದು ಇನ್ನೊಂದಿಲ್ಲ. ಹಳೇ ಪುಸ್ತಕದಲ್ಲಿ ಸಿಟಾಸಿನಸ್ ಅಂತಿದ್ದರು, ಗಿಳಿಯಂಥದ್ದು ಅಂತ ಅರ್ಥ. ಮೇಲಿನ ಎಸಳು ದೊಡ್ಡದಾಗಿ ಮುಂದಕ್ಕೆ ಬಾಗಿ ಕೊಪ್ಪೆ ಹೊದ್ದ ಹಾಗೆ ಕೇಸರದ ಮೇಲೆ ಮುಚ್ಚಿರುತ್ತೆ, ಗಿಳಿ ಕೊಕ್ಕಿನ ಹಾಗೆ. ನಾಟಿ ಹೆಂಗಸರು ಗೊರಬು ಹೊದ್ದ ಹಾಗೆ ಅಂದರೆ ನಮಗೆ ಬೇಗ ತಿಳಿಯುತ್ತೆ. ಬಣ್ಣ ಕಿತ್ತಳೆ ಕೆಂಪು, ಗಂಟಲು ಹಳದಿ. ಕೆಲವು ಕಡೆ ಪೂರ್ತಿ ಹಳದಿ, ಕೆಲವು ಕಡೆ ಹಸಿರಿನ ಮೇಲೆ ಕಂದು ಚುಕ್ಕಿ. ಇದರ ಹೂವಿಗೆ ಬರೋದು ಸೂರಕ್ಕಿ.

1837ರ ಸುಮಾರಿಗೆ ಬೆಲ್ಜಿಯಂನಲ್ಲಿ ಒಬ್ಬ ಡ್ಯೂಕನ ತೋಟದ ಮೇಸ್ತ್ರಿ ಬೆಡಿಂಗ್‌ಹಾಸ್ ಇದನ್ನ ಇನ್ನೊಂದು ಜಾತಿ ಜೊತೆ ಕೂಡಿಸಿದ. ಹುಟ್ಟಿದ ತಳಿಯನ್ನ ಗೆಂಟ್ ಊರಿನ ವ್ಯಾಪಾರಿ ವಾನ್ ಹೌಟ್ 1841ರಲ್ಲಿ ಮಾರಾಟಕ್ಕೆ ಬಿಟ್ಟ, ಊರಿನ ಹೆಸರಲ್ಲೇ ಗಂಡಾವೆನ್ಸಿಸ್ ಅಂತ. ಇದರಿಂದಲೇ ಇವತ್ತಿನ ಮಾರ್ಕೆಟ್ ಗ್ಲಾಡಿಯೋಲಸ್ಸಿನ ವಂಶ ಶುರು. ಆದರೆ ಆ ಇನ್ನೊಂದು ಜಾತಿ ಯಾವುದು? ಇಲ್ಲಿದೆ ಜಗಳ. ವಾನ್ ಹೌಟ್ ಹೇಳಿದ್ದು ಕಾರ್ಡಿನಾಲಿಸ್ ಅಂತ. ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಬರ್ಟ್ ಅನ್ನೋ ಪಾದ್ರಿ ಇದ್ದರು, ಹೊಲದಲ್ಲಿ ಕೈ ಕೆಸರು ಮಾಡಿಕೊಂಡೇ ತಳಿ ಕೂಡಿಸಿದವರು. ಅವರು ಒಪ್ಪಲಿಲ್ಲ. ಆ ಎರಡನ್ನ ಕೂಡಿಸೋಕೆ ತಾನು ನೋಡಿದ್ದೇನೆ, ಕೂಡಲ್ಲ, ಇದು ಆಪೊಸಿಟಿಫ್ಲೋರಸ್ ಇರಬೇಕು ಅಂದರು. ಆ ಜಾತಿಯ ಗುರುತು ಹೆಸರಲ್ಲೇ ಇದೆ: ಕಡ್ಡಿಯ ಎರಡು ಬದಿಗೆ ಎದುರು ಬದುರಾಗಿ ಎರಡು ಸಾಲು ಹೂ, ಒಂದೇ ಕಡ್ಡಿಗೆ ತುಂಬ ಹೂ. ಡಲೇನಿಯೈಯಲ್ಲಿ ಹೂ ಎಲ್ಲ ಒಂದೇ ಕಡೆ ಮುಖ ಮಾಡಿ ನಿಲ್ಲುತ್ತವೆ, ಸಂಖ್ಯೆ ಕಡಿಮೆ. ಆಮೇಲೆ ಬಂದ ಸಸ್ಯಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಹರ್ಬರ್ಟ್ ಮಾತಿನ ಕಡೆಗೇ ವಾಲಿದ್ದಾರೆ.

ನನ್ನ ಅಭಿಪ್ರಾಯ ಕೇಳಿದರೆ ವ್ಯಾಪಾರಿಯ ಚೀಟಿಗಿಂತ ಗಿಡದ ಗುರುತು ನಂಬಬೇಕು. ಹೋರಿ ಮಾರೋನು ಹೇಳೋ ತಳಿಯ ಕಥೆ ಕೇಳಿ ನಾವು ಕೊಳ್ತೀವಾ? ಕೋಡು, ಗಂಗೆದೊಗಲು, ಗೊರಸು ನೋಡ್ತೀವಿ. ಇದೂ ಹಾಗೇ.

ಅಲ್ಲಿಂದ ಮುಂದೆ ಓಟ ಜೋರು. ಫ್ರಾನ್ಸಿನ ನಾನ್ಸಿ ಊರಿನ ವಿಕ್ಟರ್ ಲೆಮೋಯ್ನ್ 1870ರ ದಶಕದಲ್ಲಿ ಪ್ಯಾಪಿಲಿಯೋ ಜಾತಿಯ ರಕ್ತ ಸೇರಿಸಿದ. ಪ್ಯಾಪಿಲಿಯೋ ಅಂದರೆ ಚಿಟ್ಟೆ. ಗಂಟೆಯ ಹಾಗೆ ಬಾಗಿದ ಹೂ, ಒಳಗೆ ಮೋಡದ ಹಾಗೆ ನೇರಳೆ ಕಲೆ. ಇವತ್ತಿನ ತಳಿಗಳ ಗಂಟಲಲ್ಲಿ ಗಾಢ ಮಚ್ಚೆ ಕಂಡರೆ ಅದು ಬಹುಪಾಲು ಇದರ ಕಾಣಿಕೆ. ಕಾಡಲ್ಲಿ ಇದನ್ನ ಗುರುತು ಹಿಡಿಯೋಕೆ ಮಣ್ಣು ಕೆದಕಬೇಕು, ಗಡ್ಡೆಯಿಂದ ಗರಿಕೆ ಬೇರಿನ ಹಾಗೆ ಕುಡಿ ಓಡಿ ಅದರ ತುದಿಯಲ್ಲಿ ಹೊಸ ಗಡ್ಡೆ ಆಗಿರುತ್ತೆ. ಆಮೇಲೆ ಸಾಂಡರ್ಸಿಯೈ, ಎತ್ತರದ ಬೆಟ್ಟದ್ದು, ಕೆಂಪು ಹೂ ತಲೆ ತಗ್ಗಿಸಿ ನೆಲ ನೋಡ್ತಿರುತ್ತೆ, ಕೆಳ ಎಸಳಲ್ಲಿ ಬಿಳುಪಿನ ಮೇಲೆ ಕೆಂಪು ಚುಕ್ಕಿ ಚೆಲ್ಲಿದ ಹಾಗೆ. ಇದರಿಂದ ಹೂವಿನ ಅಗಲ ಬಂತು. ಇಪ್ಪತ್ತನೇ ಶತಮಾನದ ಮೊದಲಲ್ಲಿ ವಿಕ್ಟೋರಿಯಾ ಜಲಪಾತದ ಹತ್ತಿರದಿಂದ ಒಂದು ಹಳದಿ ಹೂ ಬಂತು, ಪ್ರಿಮುಲಿನಸ್. ಜಲಪಾತದ ಎದುರು ರೈಲು ಸೇತುವೆ ಕಟ್ಟೋ ಕಾಲ ಅದು, ಸೇತುವೆ 1905ರಲ್ಲಿ ಮುಗೀತು. ಜಲಪಾತದ ತುಂತುರು ಪರಾಗಕ್ಕೆ ಬೀಳದ ಹಾಗೆ ಆ ಹೂವಿನ ಮೇಲೆಸಳು ಕೊಡೆ ಹಿಡಿದಿದೆ ಅಂತ ಆಗಿನವರು ಬೆರಗಾಗಿ ಬರೆದರು. ಈಗಿನವರು ಅದನ್ನ ಬೇರೆ ಜಾತಿ ಅಂತ ಎಣಿಸಲ್ಲ, ಡಲೇನಿಯೈಯ ಹಳದಿ ಬಗೆ ಅಷ್ಟೇ. ಅದೇ ಹೊತ್ತಿಗೆ ಅಮೆರಿಕದಲ್ಲಿ ಕುಂಡರ್ಡ್ ಅನ್ನೋ ಬೆಳೆಗಾರ ಎಸಳಿನ ಅಂಚು ಸೀರೆ ನೆರಿಗೆಯ ಹಾಗೆ ಮಡಿಕೆ ಬೀಳೋ ತಳಿ ತಂದ.

ಕರ್ನಾಟಕದಲ್ಲಿ ಇದಕ್ಕೆ ನೆಲೆ ಸಿಕ್ಕಿದ್ದು ಬೆಂಗಳೂರು ಕಡೆ. 1967ರಲ್ಲಿ ಹೆಸರಘಟ್ಟದಲ್ಲಿ ಶುರುವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ನಮ್ಮದೇ ತಳಿಗಳು ಹುಟ್ಟಿದವು: ಆರತಿ, ಪೂನಂ, ಸಪ್ನಾ, ಮೀರಾ, ನಜರಾನಾ, ಶೋಭಾ. ಶೋಭಾ ಹುಟ್ಟಿದ್ದು ಕೂಡಿಸಿ ಅಲ್ಲ, ವೈಲ್ಡ್ ರೋಸ್ ಅನ್ನೋ ತಳಿಯ ಗಡ್ಡೆಗೆ ಗಾಮಾ ಕಿರಣ ಹಾಯಿಸಿ. ಹೆಸರಲ್ಲಿ ವೈಲ್ಡ್ ಇದೆ ಅಂತ ಅದನ್ನ ಕಾಡಿನದು ಅಂದುಕೊಳ್ಳಬೇಡಿ, ಹೂವಿನ ಅಂಗಡಿಯದ್ದೇ. ನಮಗೆ ಮುಖ್ಯವಾದದ್ದು ಧೀರಜ್, ಸೊರಗು ರೋಗ ತಡೆಯೋ ಗುಣ ನೋಡಿ ಬಿಟ್ಟ ತಳಿ. ನಾನು ಹಾಕಿದ್ದು ಅದಲ್ಲ. ಬಣ್ಣ ನೋಡಿ ಬೇರೆ ತರಿಸಿದ್ದೆ. ಗಡ್ಡೆ ಮಾರಿದವರನ್ನ ರೋಗದ ಬಗ್ಗೆ ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ, ಅವರೂ ಹೇಳಲಿಲ್ಲ.

ಇನ್ನು ಅವ್ವನ ಹೂ.

ಅವ್ವನ ತವರು ಸಿದ್ದಾಪುರದ ಕಡೆ. ಮದುವೆಯಾಗಿ ಬರುವಾಗ ಸೆರಗಿನಲ್ಲಿ ನಾಲ್ಕು ಗಡ್ಡೆ ಕಟ್ಟಿಕೊಂಡು ಬಂದಿದ್ದಳಂತೆ. ಮಲೆನಾಡಿನ ಹೆಂಗಸರು ಹೂವಿನ ಗಿಡ ಬರಿಗೈಲಿ ಕೊಡಲ್ಲ, ಬರಿಗೈಲಿ ತರಲ್ಲ, ಡೇರೆ ಗಡ್ಡೆ ಕೊಟ್ಟು ಇನ್ನೊಂದು ತರೋದು. ಹಾಗೆ ಯಾರಿಂದಲೋ ಅವ್ವನ ಅವ್ವನಿಗೆ ಬಂದದ್ದು. ನಮ್ಮ ಮನೆಯಲ್ಲಿ ಅದಕ್ಕೆ ಕತ್ತಿಹೂ ಅಂತ ಹೆಸರು. ದನದ ಕೊಟ್ಟಿಗೆ ಹಿಂದೆ, ಕಲ್ಲು ಪಾಗಾರದ ಬುಡದಲ್ಲಿ ಇದೆ. ಯಾರೂ ಅದಕ್ಕೆ ಗೊಬ್ಬರ ಹಾಕಿದ್ದು ನಾನು ಕಾಣೆ, ಗಡ್ಡೆ ಕಿತ್ತದ್ದೂ ಇಲ್ಲ. ಮೊದಲ ಮಳೆ ಬಿದ್ದ ಎರಡು ವಾರಕ್ಕೆ ಎಲೆ ಏಳುತ್ತೆ, ಆಷಾಢ ಶ್ರಾವಣದಲ್ಲಿ ಹೂ, ದೀಪಾವಳಿ ಹೊತ್ತಿಗೆ ಎಲೆ ಒಣಗಿ ಮಾಯ. ನಲವತ್ತು ವರ್ಷಕ್ಕೂ ಮೇಲಾಯ್ತು. ಅಲ್ಲಿಂದ ಇನ್ನೂರು ಹೆಜ್ಜೆ ದೂರದಲ್ಲಿ ನನ್ನ 8 ಸಾವಿರ ಗಡ್ಡೆ ಸತ್ತದ್ದು.

ಅದು ಯಾವ ಜಾತಿ ಅಂತ ಈ ಸಲ ಪಟ್ಟು ಹಿಡಿದು ನೋಡಿದೆ. ಮಗಳ ಶಾಲೆಯ ಭೂತಗನ್ನಡಿ, ಒಂದು ಬ್ಲೇಡು, ಒಂದು ಬಿಳಿ ತಟ್ಟೆ. ಎಲೆ ಅಡ್ಡ ಕೊಯ್ದೆ, ಚಪ್ಪಟೆ, ಹಾಗಾಗಿ ಟ್ರಿಸ್ಟಿಸ್ ಅಲ್ಲ. ಸಂಜೆ ಮೂಸಿದೆ, ವಾಸನೆ ಇಲ್ಲ. ಕೆಳ ಎಸಳಿಗೆ ವಜ್ರದ ಗುರುತಿಲ್ಲ, ಕಾರ್ನಿಯಸ್ ಹೋಯ್ತು. ಹೂ ಎಲ್ಲ ಒಂದೇ ಮುಖ, ಕಡ್ಡಿಗೆ ಆರು ಏಳು ಮಾತ್ರ, ಎರಡು ಸಾಲಿಲ್ಲ. ಬುಡ ಕೆದಕಿದೆ, ಓಡೋ ಕುಡಿ ಇಲ್ಲ, ಮರಿಗಡ್ಡೆ ತಾಯಿಗೇ ಅಂಟಿಕೊಂಡಿವೆ, ಹಾಗಾಗಿ ಪ್ಯಾಪಿಲಿಯೋ ಅಲ್ಲ. ಹೂ ತಲೆ ತಗ್ಗಿಸಿಲ್ಲ, ಚುಕ್ಕಿ ಇಲ್ಲ. ಹೋದ ವರ್ಷದ ಒಂದು ಕಾಯಿ ಕಟ್ಟಿಗೆ ರಾಶಿ ಪಕ್ಕ ಒಣಗಿ ಉಳಿದಿತ್ತು, ಒಡೆದರೆ ಬೀಜಕ್ಕೆ ಕಂದು ಕಾಗದದ ರೆಕ್ಕೆ. ಗೋಧಿ ಹೊಲದ ಕಳೆಯಂತೂ ಅಲ್ಲ. ಮೇಲೆಸಳು ದೊಡ್ಡ ಗೊರಬು, ಮೂರೂ ಕೇಸರ ಅದರ ಕೆಳಗೆ ಬೆಚ್ಚಗೆ. ಬಣ್ಣ ಇಟ್ಟಿಗೆಗೆಂಪು, ಗಂಟಲು ಹಳದಿ. ಗೆಳೆಯನ ಮಗ ತೋಟಗಾರಿಕೆ ಓದ್ತಾನೆ, ಅವನಿಗೂ ತೋರಿಸಿದೆ. "ಡಲೇನಿಯೈ, ಇಲ್ಲ ಅದಕ್ಕೆ ತೀರಾ ಹತ್ತಿರದ ಹಳೇ ಮಿಶ್ರತಳಿ, ಕಾಕಾ" ಅಂದ. ನಾವು ಹೀಗೆ ತಟ್ಟೆ ಇಟ್ಟುಕೊಂಡು ಕೂತಿದ್ದಾಗಲೇ ಪಾಗಾರದ ಮೇಲಿಂದ ಸೂರಕ್ಕಿ ಇಳಿದು ಗೊರಬಿನೊಳಗೆ ಕೊಕ್ಕು ತೂರಿಸಿ ಹೋಯ್ತು. ಅವ್ವ ನಗ್ತಾ, "ಅದಕ್ಕೆ ಯಾರು ಪುಸ್ತಕ ಓದಿ ಹೇಳಿದ್ರು?" ಅಂದಳು.

ಇಷ್ಟು ತಿಳಿದ ಮೇಲೆ ನನ್ನ ಗಡ್ಡೆ ಸತ್ತಿದ್ದು ಬೇರೆ ಥರ ಕಾಣಿಸ್ತು. ಕೇಪಿನ ಪಶ್ಚಿಮದಲ್ಲಿ ಮಳೆ ಬರೋದು ಚಳಿಗಾಲದಲ್ಲಿ, ಬೇಸಿಗೆ ಒಣ. ಟ್ರಿಸ್ಟಿಸ್, ಕಾರ್ನಿಯಸ್ ಆ ಲೆಕ್ಕಕ್ಕೆ ಹುಟ್ಟಿದವು. ಪೂರ್ವದ ಕಡೆ ಉಲ್ಟಾ, ಬೇಸಿಗೆಯಲ್ಲಿ ಮಳೆ, ಚಳಿಗಾಲ ಒಣ. ಡಲೇನಿಯೈ, ಆಪೊಸಿಟಿಫ್ಲೋರಸ್, ಪ್ಯಾಪಿಲಿಯೋ, ಸಾಂಡರ್ಸಿಯೈ ನಾಲ್ಕೂ ಆ ಕಡೆಯವು, ಅಂದರೆ ನಮ್ಮ ಮುಂಗಾರಿನಂಥ ಪಂಚಾಂಗ: ಬಿಸಿ ಇರೋವಾಗ ಮಳೆ, ಮಳೆಗೆ ಏಳು, ಒಣಗಾಲಕ್ಕೆ ಮಲಗು. ಪೇಟೆ ಕಡ್ಡಿಯ ರಕ್ತದಲ್ಲಿ ಹೆಚ್ಚಿನ ಪಾಲು ಈ ನಾಲ್ಕರದ್ದು, ಹಾಗಾಗಿ ನಮ್ಮ ಹವೆ ಅದಕ್ಕೆ ಶತ್ರು ಅಲ್ಲ. ಆದರೆ ಅವುಗಳ ಕಾಡು ಮನೆ ಹುಲ್ಲುಗುಡ್ಡದ ಇಳಿಜಾರು, ಕಲ್ಲು ಸಂದಿ. ಮಳೆ ಎಷ್ಟೇ ಬಿದ್ದರೂ ನೀರು ನಿಲ್ಲಲ್ಲ. ಅವ್ವನ ಹೂ ಇರೋದು ಕಲ್ಲು ಪಾಗಾರದ ಬುಡದಲ್ಲಿ. ನಾನು ಹಾಕಿದ್ದು ಶುಂಠಿ ಕಿತ್ತ ಗದ್ದೆಗೆ, ಜಿಗುಟು ಮಣ್ಣು, ಬಸಿಗಾಲುವೆ ಅರ್ಧಂಬರ್ಧ.

ಎರಡನೇ ತಪ್ಪು ನಿದ್ದೆಯದ್ದು. ಮಲಗೋ ಗಡ್ಡೆಗೆ ಒಣಗು ಬೇಕು, ಗಾಳಿ ಬೇಕು. ನಾನು ಕಿತ್ತ ಗಡ್ಡೆಯನ್ನ ಒಂದು ದಿನವೂ ಸರಿ ಒಣಗಿಸದೆ ಗೋಣಿಚೀಲಕ್ಕೆ ತುಂಬಿ ಅಟ್ಟದಲ್ಲಿ ಇಟ್ಟೆ, ಮಳೆಗಾಲ ಪೂರ್ತಿ ಅಲ್ಲೇ. ಹಡಗಿನ ಪೆಟ್ಟಿಗೆಯಲ್ಲಿ ಬದುಕಿದ್ದು ನನ್ನ ಅಟ್ಟದಲ್ಲಿ ಬೆವರಿತು. ಒಂದಕ್ಕೆ ಇದ್ದ ಬೂಸ್ಟು ಎಲ್ಲಕ್ಕೂ ಹತ್ತಿತು. ಸೊರಗಿನ ಬೂಸ್ಟು ಮಣ್ಣಲ್ಲೂ ವರ್ಷಗಟ್ಟಲೆ ಉಳಿಯುತ್ತೆ, ನಾನು ತಿರುಗಿ ಅದೇ ಜಾಗಕ್ಕೆ ಹಾಕಿದೆ.

ಮೂರನೇದು ತಪ್ಪು ಅಂತ ಹೇಳಲ್ಲ. ನೂರೆಂಬತ್ತು ವರ್ಷ ಹೂವಿನ ಜನ ಈ ಗಿಡದಿಂದ ಕೇಳಿದ್ದು ಒಂದೇ, ಇನ್ನೂ ದೊಡ್ಡ ಹೂ, ಇನ್ನೂ ಒತ್ತು ಕಡ್ಡಿ. ಗೊರಬು ಬಿಚ್ಚಿಸಿ ಎಸಳನ್ನ ಪೂರ್ತಿ ತೆರೆಸಿದರು, ನೋಡೋಕೆ ಚಂದ. ಕಾಡು ಜಾತಿಗಳಲ್ಲಿ ಬಹುಪಾಲಿಗೆ ವರ್ಣತಂತು 30, ಪೇಟೆಯವಕ್ಕೆ 60, ದುಪ್ಪಟ್ಟು ಮೈ. ಹೀಗೆ ದುಪ್ಪಟ್ಟು ಮಾಡೋಕೆ ಪ್ರಯೋಗಶಾಲೆಗಳಲ್ಲಿ ಬಳಸೋದು ಮೇಲೆ ಹೇಳಿದ ಗೌರಿ ಹೂವಿನ ಅದೇ ವಿಷ, ಕಾಲ್ಚಿಸಿನ್. ಆದರೆ ಗ್ಲಾಡಿಯೋಲಸ್ಸಿಗೆ ಅದೂ ಬೇಕಾಗಲಿಲ್ಲ, ಡಲೇನಿಯೈ ಕಾಡಲ್ಲೇ 60, ಕೆಲವು ಕಡೆ 90 ಇಟ್ಟುಕೊಂಡು ಕೂತಿತ್ತು.

ಹುಡುಗ ಮೊನ್ನೆ ಮತ್ತೆ ಬಂದಿದ್ದ. "ಹಂಗಾದ್ರೆ ಅವ್ವಾರ ಹೂವನ್ನೇ ಎಕರೆಗಟ್ಟಲೆ ಹಾಕೋಣ್ರಿ" ಅಂದ. ಹಾಕಬಹುದು, ಆದರೆ ಕಡ್ಡಿಗೆ ಆರು ಹೂವಿಗೆ ಹುಬ್ಬಳ್ಳಿಯಲ್ಲಿ ಯಾರೂ ದುಡ್ಡು ಕೊಡಲ್ಲ. ಇನ್ನೊಂದು ಅಂಜಿಕೆಯೂ ಇದೆ. ಮರಿಗಡ್ಡೆ ಉದುರಿಸೋ ಪರದೇಶಿ ಗಿಡವನ್ನ ಕಾನಿನ ಅಂಚಿಗೆ, ಹಳ್ಳದ ದಂಡೆಗೆ ಎಸೆಯೋದು ಬೇಡ. ಗೋಧಿ ಹೊಲದಲ್ಲಿ ಇದರ ಸಂಬಂಧಿ ಏನು ಮಾಡಿದೆ ಅಂತ ಮೇಲೆ ಓದಿದಿರಲ್ಲ. ಸೀತಾಳೆ ಬೆಳೆಯೋ ಜಾಗ ಸೀತಾಳೆಗೇ ಇರಲಿ. ಹಿತ್ತಲಲ್ಲಿ, ಪಾಗಾರದೊಳಗೆ ಬೆಳೆಸೋದಕ್ಕೆ ಅಡ್ಡಿ ಇಲ್ಲ.

ನಾನು ಈ ವರ್ಷ ಒಂದೂವರೆ ಗುಂಟೆ ಮಾತ್ರ ಹಾಕ್ತಿದ್ದೀನಿ, ಧೀರಜ್. ಶುಂಠಿ ಗದ್ದೆಗಲ್ಲ, ಮೇಲಿನ ಜಂಬಿಟ್ಟಿಗೆ ಮಣ್ಣಿನ ಹಕ್ಕಲಿಗೆ. ಮುಂಗಾರು ಹಿಂದೆ ಸರಿದ ಮೇಲೆ, ಒಂದಡಿ ಎತ್ತರದ ಏರುಮಡಿ ಮಾಡಿ. ಗಡ್ಡೆಯ ಹೊರಸಿಪ್ಪೆ ಬಿಡಿಸಿ ಒಂದೊಂದನ್ನೂ ನೋಡಿ, ತಳ ಕಂದಾಗಿದ್ದರೆ ಬಿಸಾಕಿ, ಉಳಿದದ್ದನ್ನ ಔಷಧಿ ನೀರಲ್ಲಿ ಅದ್ದಿ ನೆರಳಲ್ಲಿ ಆರಿಸಿ ನೆಡೋದು. ಸಗಣಿ ಗೊಬ್ಬರಕ್ಕೆ ಟ್ರೈಕೋಡರ್ಮಾ ಕಲಸಿ ಹದಿನೈದು ದಿನದಿಂದ ನೆರಳಲ್ಲಿ ಇಟ್ಟಿದ್ದೀನಿ. ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರಿಸಿದಾಗ ಕೊಯ್ಯೋದು, ಕೊಯ್ಯುವಾಗ ಗಿಡಕ್ಕೆ ನಾಲ್ಕು ಎಲೆ ಬಿಡೋದು, ಇಲ್ಲದಿದ್ದರೆ ಮುಂದಿನ ಗಡ್ಡೆ ತುಂಬಲ್ಲ. ಹೋದ ಸಲ ಉದ್ದ ಕಡ್ಡಿಯ ಆಸೆಗೆ ಬುಡಕ್ಕೇ ಕೊಯ್ದಿದ್ದೆ, ಅದೂ ಒಂದು.

ಅವ್ವನ ಕತ್ತಿಹೂವಿನ ಮರಿಗಡ್ಡೆ ಒಂದು ಮೊರದಷ್ಟು ಇದೆ. ಹಿತ್ತಲಿಗೆ ಬೇಕು ಅನ್ನೋರು ದೀಪಾವಳಿ ಆದ ಮೇಲೆ, ಎಲೆ ಒಣಗಿದಾಗ ಬನ್ನಿ. ಮರಿಗಡ್ಡೆ ಹೂ ಬಿಡೋಕೆ ಎರಡು ಮಳೆಗಾಲ ಬೇಕು. ಬರಿಗೈಲಿ ಮಾತ್ರ ಬರಬೇಡಿ, ಅವ್ವ ಕೇಳ್ತಾಳೆ.